ಎಲೆಕ್ಟ್ರಿಕ್ ಶವರ್ ಕೈಕೊಟ್ಟರೆ: ತಪ್ಪು ಶವರಿನದೋ, ವೈರಿನದೋ?

ಮಲೆನಾಡಿನ ಹಳೇ ಮನೆಗಳಲ್ಲಿ ಮೀಟರ್ ಬೋರ್ಡು ಜಗಲಿಯಲ್ಲಿ ಇರುತ್ತದೆ, ಬಚ್ಚಲು ಹಿತ್ತಿಲ ತುದಿಯಲ್ಲಿ. ಹಂಡೆ ಒಲೆಯ ಹೊಗೆ ಒಳಗೆ ಬರಬಾರದು ಅಂತ ಹಿಂದಿನವರು ಹಾಗೆ ಕಟ್ಟಿದರು. ಈಗ ಎಷ್ಟೋ ಮನೆಗಳಲ್ಲಿ ಹಂಡೆ ಹೋಗಿ ಅದೇ ಜಾಗಕ್ಕೆ ಎಲೆಕ್ಟ್ರಿಕ್ ಶವರ್ ಬಂದಿದೆ. ಜಗಲಿಯಿಂದ ಅಟ್ಟ ಹತ್ತಿ, ನಡುಮನೆ ದಾಟಿ, ಅಡುಗೆಮನೆ ಮೇಲಿಂದ ಬಚ್ಚಲಿಗೆ ಇಳಿಯುವಷ್ಟರಲ್ಲಿ ವೈರ್ 25-30 ಮೀಟರ್ ಆಗಿರುತ್ತದೆ. ಆ ವೈರ್ ಎಳೆದ ಕಾಲದಲ್ಲಿ ಬಚ್ಚಲಿನಲ್ಲಿ ಇದ್ದದ್ದು ಒಂದು ಬಲ್ಬು. ಜಾಸ್ತಿ ಅಂದರೆ ಒಂದು 2 ಕಿಲೋವ್ಯಾಟ್ ಗೀಸರ್.

ಮೂಡಿಗೆರೆ, ಆಲ್ದೂರು, ಸಕಲೇಶಪುರ ಸುತ್ತಮುತ್ತ ವೈರಿಂಗ್ ಕೆಲಸ ಮಾಡುವವನು ನಾನು. ಮಳೆ ಹಿಡಿದಾಗ ಮತ್ತು ಡಿಸೆಂಬರ್ ಚಳಿಯಲ್ಲಿ ಹೋಂಸ್ಟೇಗಳಿಂದ ಒಂದೇ ಥರದ ಫೋನ್ ಬರುತ್ತದೆ: "ಶವರ್ ಕೆಟ್ಟಿದೆ, ಬೇರೆ ತರಿಸಲಾ?" ತಡೀರಿ ಅನ್ನುತ್ತೇನೆ. ಶವರ್ ಬದಲಿಸುವ ಮುಂಚೆ ಸುಮ್ನೆ ಕೂತು ನೋಡಬಹುದಾದ ಗುರುತುಗಳು ಬಹಳ ಇವೆ. ಹೆಚ್ಚಿನವಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ

ಶವರಿನ ಮೈಮೇಲೆ ಅಂಟಿಸಿದ ಚೀಟಿ ಓದಿ. ಎಷ್ಟು ವ್ಯಾಟ್ ಅಂತ ಇರುತ್ತದೆ. ಅದನ್ನು 230ರಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಗೊತ್ತಾಗುತ್ತದೆ. 2 ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್. 3 ಕಿಲೋವ್ಯಾಟಿನ ಶವರ್ 13. 4.5 ಕಿಲೋವ್ಯಾಟ್ ಆದರೆ 19.6, ಅಂದರೆ 20 ಅಂತಲೇ ಇಟ್ಟುಕೊಳ್ಳಿ. 6 ಕಿಲೋವ್ಯಾಟಿಗೆ 26.

ಗೀಸರ್‌ಗೆ ಟ್ಯಾಂಕ್ ಇದೆ, ಅರ್ಧ ಗಂಟೆ ತೆಗೆದುಕೊಂಡು ನಿಧಾನಕ್ಕೆ ಕಾಯಿಸುತ್ತದೆ. ಶವರ್‌ಗೆ ಆ ಸೌಕರ್ಯ ಇಲ್ಲ. ನೀರು ಹರಿಯುತ್ತಿರುವಾಗಲೇ ಕಾಯಿಸಬೇಕು. ಅದಕ್ಕೇ ಅದರ ಹಸಿವು ಗೀಸರಿಗಿಂತ ಎರಡು ಪಟ್ಟು. ಗೀಸರ್ ಬಿಚ್ಚಿ ಅದೇ ಪಾಯಿಂಟಿಗೆ ಶವರ್ ಹಾಕಿದ ಮನೆಗಳಲ್ಲೇ ತೊಂದರೆ ಜಾಸ್ತಿ.

ಒಬ್ಬರು ಇಂಗ್ಲೆಂಡಿನ ವಿಡಿಯೋ ನೋಡಿ 10 ಸ್ಕ್ವೇರ್ ಎಂಎಂ (ವೈರಿನೊಳಗಿನ ತಾಮ್ರದ ಗಾತ್ರದ ಅಳತೆ) ವೈರೇ ಬೇಕು ಅಂತ ಹಠ ಹಿಡಿದಿದ್ದರು. ಅಲ್ಲಿಯ ಶವರ್‌ಗಳು 8, 10 ಕಿಲೋವ್ಯಾಟಿನವು, 35ರಿಂದ 43 ಆಂಪಿಯರ್ ಎಳೆಯುತ್ತವೆ. ಅವರ ಲೆಕ್ಕ ಅವರಿಗೆ ಸರಿ. ನಿಮ್ಮದು ನಿಮ್ಮ ಚೀಟಿಯಲ್ಲಿದೆ.

ಈ ಮೂರು ಕಂಡರೆ ಮೇನ್ ಇಳಿಸಿ, ಆಮೇಲೆ ಮಾತು

ನಲ್ಲಿ ಮುಟ್ಟಿದಾಗ ಅಥವಾ ನೀರು ಮೈಗೆ ಬಿದ್ದಾಗ ಜುಮ್ ಅನ್ನುವುದು. "ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ, ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ" ಅಂತ ಹೇಳಿದವರನ್ನು ನೋಡಿದ್ದೇನೆ. ಆ ಜುಮ್ ಅಂದರೆ ಕರೆಂಟ್ ನೀರಿಗೆ ಬಂದಿದೆ, ಅರ್ತ್ ಅದನ್ನು ಒಯ್ಯುತ್ತಿಲ್ಲ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇಲ್ಲ ಅಥವಾ ಕೆಲಸ ಮಾಡುತ್ತಿಲ್ಲ. ಮೂರು ಕಾವಲುಗಾರರೂ ನಿದ್ದೆ ಹೋಗಿದ್ದಾರೆ ಅಂತ ಅರ್ಥ. ಒದ್ದೆ ಕೈಯಲ್ಲಿ ಶವರಿನ ಸ್ವಿಚ್ ಹುಡುಕಬೇಡಿ. ಹೊರಗೆ ಬಂದು ಮೇನ್ ಇಳಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ನೋಡುವ ತನಕ ಸ್ನಾನಕ್ಕೆ ಹಂಡೆಯೇ ಗತಿ.

ಸುಟ್ಟ ವಾಸನೆ, ಹೊಗೆ, ಪ್ಲಗ್ ಅಥವಾ ಸ್ವಿಚ್ ಸುತ್ತ ಕಂದು ಕಲೆ. ಇದರ ಬಗ್ಗೆ ಕೆಳಗೆ ವಿವರವಾಗಿ ಬರೆದಿದ್ದೇನೆ. ಆದರೆ ಓದುವ ಮುಂಚೆ ಆಫ್ ಮಾಡಿ.

ಮೂರನೆಯದು ಜನಕ್ಕೆ ಗೊತ್ತಿಲ್ಲದ್ದು. ತ್ರೀ ಫೇಸ್ ಇರುವ ಮನೆಯಲ್ಲಿ ಶವರ್ ಹಾಕಿದಾಗ ಬೇರೆ ಕೋಣೆಯ ಬಲ್ಬು ಡಿಮ್ ಆಗುವ ಬದಲು ಇನ್ನೂ ಜೋರಾಗಿ ಉರಿದರೆ, ಫ್ಯಾನ್ ಜೋರಾಗಿ ತಿರುಗಿದರೆ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಎಲ್ಲೋ ಸಡಿಲ ಆಗಿದೆ ಅಥವಾ ಕಿತ್ತು ಹೋಗಿದೆ. ಆಗ ಒಂದು ಫೇಸಿಗೆ ಕಮ್ಮಿಯಾದ ವೋಲ್ಟೇಜ್ ಇನ್ನೊಂದು ಫೇಸಿಗೆ ಸೇರುತ್ತದೆ, 230 ಇದ್ದದ್ದು 300 ದಾಟಬಹುದು. ಫ್ರಿಜ್, ಟಿವಿ, ವೈಫೈ ಡಬ್ಬ ಎಲ್ಲ ಒಂದೇ ಸಲ ಹೋಗುತ್ತವೆ. ಮೇನ್ ಇಳಿಸಿ 1912ಕ್ಕೆ ಫೋನ್ ಮಾಡಿ. ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂಗೆ ಬರುತ್ತದೆ, ಹಾಸನ ಜಿಲ್ಲೆ ಸೆಸ್ಕ್‌ಗೆ. ಕಂಬದ ಕಡೆಯ ಕೆಲಸ ಲೈನ್‌ಮನ್ನಿನದು. ನೀವು ಏಣಿ ಹಾಕಬೇಡಿ.

ನೀರು ಉಗುರುಬೆಚ್ಚಗೆ ಬರುತ್ತದೆ, ಅದಕ್ಕಿಂತ ಕಾಯುವುದಿಲ್ಲ

ತೀರಾ ಸಾಮಾನ್ಯ ದೂರು ಇದೇ. ಇಲ್ಲಿ ವೈರನ್ನು ಕೊನೆಗೆ ಅನುಮಾನಿಸಿ.

ಒಂದು ಲೀಟರಿನ ಬಾಟಲಿಯನ್ನು ಶವರ್ ಕೆಳಗೆ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 20 ಸೆಕೆಂಡ್ ಅಂದರೆ ನಿಮಿಷಕ್ಕೆ 3 ಲೀಟರ್. 4.5 ಕಿಲೋವ್ಯಾಟಿನ ಶವರ್ ಪೂರ್ತಿ 230 ವೋಲ್ಟ್ ಸಿಕ್ಕಾಗ 3 ಲೀಟರ್ ನೀರನ್ನು ಸುಮಾರು 21 ಡಿಗ್ರಿ ಏರಿಸುತ್ತದೆ. ಚಳಿಗಾಲದ ಬೆಳಿಗ್ಗೆ ತಾರಸಿ ಟ್ಯಾಂಕಿನ ನೀರು 18 ಡಿಗ್ರಿ ಇದ್ದರೆ ತಲೆ ಮೇಲೆ ಬೀಳುವುದು 39. ಹಿತವಾದ ಬಿಸಿ. ಅದೇ ಬಾಟಲಿ 12 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 5 ಲೀಟರ್. ಆಗ ಏರುವುದು 13 ಡಿಗ್ರಿ ಮಾತ್ರ, ಮೈಗೆ ಬೀಳುವುದು 31. ಶವರಿನಲ್ಲಿ ಏನೂ ತಪ್ಪಿಲ್ಲ, ನಲ್ಲಿ ಸ್ವಲ್ಪ ತಿರುಗಿಸಿ ನೀರು ಕಮ್ಮಿ ಮಾಡಿದರೆ ಮುಗಿಯಿತು. ಮಾರ್ಚಿನಲ್ಲಿ ಚೆನ್ನಾಗಿದ್ದ ಶವರ್ ಡಿಸೆಂಬರಿನಲ್ಲಿ "ಕೆಡುವುದು" ಹೀಗೆ.

ಉಲ್ಟಾ ಕೂಡ ಆಗುತ್ತದೆ. ನೀರು ತೀರಾ ಸಣ್ಣಗೆ ಬಂದರೆ ಒಳಗಿನ ಸ್ವಿಚ್ ಕಾಯಿಲಿಗೆ ಕರೆಂಟೇ ಬಿಡುವುದಿಲ್ಲ, ಅಥವಾ ವಿಪರೀತ ಕಾದು ತಾನೇ ಕಡಿದುಕೊಳ್ಳುತ್ತದೆ. ನೀರು ಒಳಹೋಗುವ ಕಡೆ ಒಂದು ಸಣ್ಣ ಜಾಲರಿ ಇರುತ್ತದೆ. ಮೇನ್ ಆಫ್ ಮಾಡಿ, ನೀರು ನಿಲ್ಲಿಸಿ, ಬಿಚ್ಚಿ ತೊಳೆಯಿರಿ. ತೋಟದ ಕೆರೆ ನೀರು ಬಿಡುವ ಮನೆಗಳಲ್ಲಿ ಅದರ ತುಂಬ ಕೆಂಪು ಕೆಸರು. ಕಡೂರು, ಅರಸೀಕೆರೆ ಕಡೆಯ ಬೋರ್‌ವೆಲ್ ನೀರಾದರೆ ಪಾತ್ರೆ ತಳದಲ್ಲಿ ಕಟ್ಟುವಂಥ ಬಿಳಿ ಗಾರೆ. ಅದು ಕಾಯಿಲ್ ಮೇಲೂ ಕೂತಿರುತ್ತದೆ.

ಇದೆಲ್ಲ ಸರಿಯಿದ್ದರೆ ವೋಲ್ಟೇಜ್. ಸಾಕೆಟಿಗೆ ಚುಚ್ಚುವ ಡಿಜಿಟಲ್ ವೋಲ್ಟ್‌ಮೀಟರ್ ಸಿಗುತ್ತದೆ, ಅಗ್ಗದ್ದೇ ಸಾಕು. ಜಗಲಿಯ ಅಥವಾ ಹಾಲಿನ ಒಣ ಸಾಕೆಟಿಗೆ ಹಾಕಿ, ಬಚ್ಚಲಿನಲ್ಲಿ ಮಾತ್ರ ಬೇಡ. ವೋಲ್ಟೇಜ್ ಸ್ವಲ್ಪ ಇಳಿದರೂ ಬಿಸಿ ಬಹಳ ಇಳಿಯುತ್ತದೆ. 230ರ ಬದಲು 180 ಬಂದರೆ 4.5 ಕಿಲೋವ್ಯಾಟಿನ ಶವರ್ ಬರೀ 2.75 ಕಿಲೋವ್ಯಾಟಿನದಾಗುತ್ತದೆ. ಬೆಳಿಗ್ಗೆ 6ರಿಂದ 8, ಊರೆಲ್ಲ ನೀರು ಕಾಯಿಸುವ ಹೊತ್ತು. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಅದೇ ಟ್ರಾನ್ಸ್‌ಫಾರ್ಮರಿನಲ್ಲಿ ಮೋಟರ್‌ಗಳೂ ಓಡುತ್ತವೆ. ಹೊತ್ತು ನೋಡಿಕೊಂಡು ಬಿಸಿ ಹೆಚ್ಚುಕಮ್ಮಿ ಆದರೆ ತಪ್ಪು ಮನೆಯದಲ್ಲ, ಲೈನಿನದು.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಹೇಳಿಬಿಡುತ್ತೇನೆ. ವೋಲ್ಟೇಜ್ ಕಮ್ಮಿಯಾದರೆ ವೈರ್ ಸುಡುತ್ತದೆ ಅಂತಾರೆ. ಮೋಟರಿಗೆ ಅದು ನಿಜ, ತಿಣುಕಾಡಿ ಜಾಸ್ತಿ ಕರೆಂಟ್ ಎಳೆಯುತ್ತದೆ. ಶವರಿನ ಕಾಯಿಲ್ ಹಾಗಲ್ಲ. ವೋಲ್ಟೇಜ್ ಇಳಿದರೆ ಅದು ಎಳೆಯುವ ಕರೆಂಟೂ ಇಳಿಯುತ್ತದೆ. 180 ವೋಲ್ಟಿನಲ್ಲಿ 20ರ ಬದಲು 15 ಆಂಪಿಯರ್ ಅಷ್ಟೇ.

ಹಾಗಾದರೆ ವೈರಿನ ಪಾಲು ಎಷ್ಟು? 28 ಮೀಟರ್ ದೂರ, 2.5 ಸ್ಕ್ವೇರ್ ಎಂಎಂ ತಾಮ್ರ, 20 ಆಂಪಿಯರ್: ದಾರಿಯಲ್ಲಿ ಕಳೆಯುವುದು 8ರಿಂದ 10 ವೋಲ್ಟ್. 1.5 ಆಗಿದ್ದರೆ 14ರಿಂದ 16. ಮನೆಗೆ ಬರುವ ವೋಲ್ಟೇಜೇ 200 ಇದ್ದಾಗ ಇದೂ ಸೇರಿದರೆ ನೀರು ತಣ್ಣಗಾಗುವುದು ಖಂಡಿತ. ಆದರೆ ನೀರು ಕಾಯಲಿಲ್ಲ ಅನ್ನುವ ಒಂದೇ ಕಾರಣಕ್ಕೆ ವೈರ್ ಬದಲಿಸಿದರೆ ನಿಮಗೆ ನಿರಾಸೆ ಆಗಬಹುದು. ವೈರ್ ಬದಲಿಸಬೇಕಾದ ನಿಜವಾದ ಕಾರಣ ಬೇರೆ: ಆ ಕಳೆದುಹೋದ ವೋಲ್ಟೇಜ್ ಗೋಡೆಯೊಳಗೆ ಶಾಖವಾಗಿ ಕೂತಿದೆ.

ಶವರ್ ಹಾಕಿದ ತಕ್ಷಣ ಲೈಟ್ ಡಿಮ್

ಯಾವ ಲೈಟ್ ಡಿಮ್ ಆಯಿತು ಅನ್ನುವುದೇ ಇಲ್ಲಿ ಇಡೀ ಉತ್ತರ. ಬಚ್ಚಲಿನ ಲೈಟ್ ಮಾತ್ರ ಡಿಮ್ ಆದರೆ ಲೈಟಿಗೂ ಶವರಿಗೂ ಒಂದೇ ವೈರಿನಿಂದ ಕೊಟ್ಟಿದ್ದಾರೆ, ಆ ವೈರ್ ಸಣ್ಣದು ಅಥವಾ ಅದರಲ್ಲಿ ಜಾಯಿಂಟ್ ಸಡಿಲ. ಇಡೀ ಮನೆ ಡಿಮ್ ಆದರೆ ತೊಂದರೆ ಶವರಿನ ವೈರಿನಲ್ಲಿ ಇಲ್ಲವೇ ಇಲ್ಲ. ಅದಕ್ಕಿಂತ ಹಿಂದೆ ಎಲ್ಲೋ ಇದೆ: ಮೇನ್ ಸ್ವಿಚ್, ಮೀಟರ್, ಕಂಬದಿಂದ ಬರುವ ಸರ್ವಿಸ್ ವೈರ್, ಇಲ್ಲಾ ಟ್ರಾನ್ಸ್‌ಫಾರ್ಮರ್. ಇದು ಗೊತ್ತಿಲ್ಲದೆ ಬಚ್ಚಲ ತನಕ ಹೊಸ 6 ಸ್ಕ್ವೇರ್ ಎಂಎಂ ಎಳೆಸಿ, ಆಮೇಲೂ ಲೈಟ್ ಡಿಮ್ ಆಗುತ್ತಿದೆ ಅಂತ ಬೈದುಕೊಂಡವರಿದ್ದಾರೆ.

ಎಲ್‌ಇಡಿ ಬಲ್ಬು ಇಲ್ಲಿ ಮೋಸ ಮಾಡುತ್ತದೆ. ಅದು ವೋಲ್ಟೇಜ್ ಇಳಿದರೂ ಅಷ್ಟೇ ಬೆಳಕು ಕೊಡುವಂತೆ ಮಾಡಿರುತ್ತಾರೆ. ಅಟ್ಟದಲ್ಲಿ ಹಳೇ ಕಾಲದ 60 ವ್ಯಾಟಿನ ಬಲ್ಬು ಬಿದ್ದಿದ್ದರೆ ಅದನ್ನು ಹಾಲಿನಲ್ಲಿ ಹಾಕಿ ನೋಡಿ. ಇಲ್ಲಾ ಅದೇ ಸಾಕೆಟ್ ವೋಲ್ಟ್‌ಮೀಟರ್. ಹಾಲಿನ ಸಾಕೆಟಿನಲ್ಲಿ 225 ಇದ್ದದ್ದು ಶವರ್ ಹಾಕಿದಾಗ 222ಕ್ಕೆ ನಿಂತರೆ ಬೋರ್ಡಿನ ತನಕ ಎಲ್ಲ ಸರಿ. 225 ಇದ್ದದ್ದು 200ಕ್ಕೆ ಬಿದ್ದರೆ ಸರ್ವಿಸ್ ವೈರ್ ಕಡೆ ಗಮನ ಕೊಡಿ. ಪಕ್ಕದ ಮನೆಯಲ್ಲೂ ಹಾಗೇ ಆಗುತ್ತಿದೆಯಾ ಅಂತ ಕೇಳಿ. ಆಗುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ಕಡೆಯದು, ನಿಮ್ಮಲ್ಲಿ ಮಾತ್ರ ಆದರೆ ನಿಮ್ಮ ಕಂಬದ ಜಂಪರ್ (ಲೈನಿಗೆ ಸೇರಿಸುವ ತುಂಡು ವೈರ್) ಅಥವಾ ಮೀಟರಿನ ಟರ್ಮಿನಲ್. ಮೀಟರ್ ಸೀಲ್ ಇರುವ ಜಾಗ, ಅಲ್ಲಿಗೆ ಕೈಹಾಕುವುದು ನಿಮ್ಮ ಕೆಲಸವೂ ಅಲ್ಲ, ನನ್ನ ಕೆಲಸವೂ ಅಲ್ಲ.

ಹಾಗೇ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 2 ಕಿಲೋವ್ಯಾಟ್ ಅಂತ ಇರುವ ಮನೆಗೆ 4.5 ಕಿಲೋವ್ಯಾಟಿನ ಶವರ್ ತಂದಿದ್ದರೆ ಮೊದಲು ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಳ್ಳಿ.

ಎಂಸಿಬಿ ಬೀಳುತ್ತದೆ

ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿ ಹರಿದರೆ ತಾನೇ ಬೀಳುವ, ಬೋರ್ಡಿನಲ್ಲಿರುವ ಸ್ವಿಚ್. ಯಾವಾಗ ಬೀಳುತ್ತದೆ ಅಂತ ಗಡಿಯಾರ ನೋಡಿ ಹೇಳಿ, ಅರ್ಧ ರೋಗ ಫೋನಿನಲ್ಲೇ ಗೊತ್ತಾಗುತ್ತದೆ.

ಹಾಕಿದ ಕ್ಷಣಕ್ಕೇ ಟಪ್ ಅಂತ ಬಿದ್ದರೆ ಶಾರ್ಟ್. ಕಾಯಿಲ್ ಒಡೆದಿರಬಹುದು, ಅಟ್ಟದಲ್ಲಿ ಇಲಿ ವೈರ್ ಕಡಿದಿರಬಹುದು. ಒಮ್ಮೆ ಎತ್ತಿ ಹಾಕಿ ನೋಡಿ, ಮತ್ತೆ ಬಿದ್ದರೆ ಬಿಟ್ಟುಬಿಡಿ. ಹತ್ತು ಸಲ ಎತ್ತಿದರೆ ಹನ್ನೊಂದನೇ ಸಲ ಬೀಳದೆ ಸುಡಬಹುದು.

ಹತ್ತಿಪ್ಪತ್ತು ನಿಮಿಷ ಆದ ಮೇಲೆ ಬಿದ್ದರೆ ಓವರ್‌ಲೋಡ್. 16 ಆಂಪಿಯರ್ ಎಂಸಿಬಿ ಮೇಲೆ 20 ಆಂಪಿಯರ್ ಶವರ್ ಹಾಕಿದರೆ ಅದು ತಕ್ಷಣ ಬೀಳುವುದಿಲ್ಲ. ಒಳಗೆ ಒಂದು ಲೋಹದ ಪಟ್ಟಿ ನಿಧಾನಕ್ಕೆ ಕಾದು ಬಾಗಬೇಕು. ಹೋಂಸ್ಟೇಯಲ್ಲಿ ಮೊದಲ ಇಬ್ಬರಿಗೆ ಬಿಸಿನೀರು ಸಿಗುತ್ತದೆ, ಮೂರನೆಯವರ ತಲೆ ತುಂಬ ಶಾಂಪೂ ಇರುವಾಗ ಎಂಸಿಬಿ ಬೀಳುತ್ತದೆ. ಹತ್ತು ನಿಮಿಷ ಬಿಟ್ಟು ಎತ್ತಿದರೆ ಮತ್ತೆ ನಿಲ್ಲುತ್ತದೆ. ಹೀಗಿದ್ದರೆ ಎಂಸಿಬಿ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ಇಲ್ಲೇ ದೊಡ್ಡ ತಪ್ಪು ನಡೆಯುವುದು. "ಎಂಸಿಬಿ ವೀಕ್ ಆಗಿದೆ, 32 ಹಾಕಿಬಿಡಿ." ಎಂಸಿಬಿ ಕಾಯುವುದು ಶವರನ್ನಲ್ಲ, ವೈರನ್ನು. 2.5 ಸ್ಕ್ವೇರ್ ಎಂಎಂ ವೈರಿಗೆ 32ರ ಎಂಸಿಬಿ ಹಾಕಿದರೆ 40 ಆಂಪಿಯರ್ ಹರಿದರೂ ಅದು ಬಹಳ ಹೊತ್ತು ಸುಮ್ಮನಿರುತ್ತದೆ. ಆ ಹೊತ್ತಿಗೆ ಪೈಪಿನೊಳಗೆ ವೈರಿನ ಪಿವಿಸಿ ಮೇಣದಂತೆ ಆಗಿರುತ್ತದೆ. ಮೊದಲು ವೈರ್, ಆಮೇಲೆ ಎಂಸಿಬಿ. ಈ ಕ್ರಮ ತಪ್ಪಿಸುವ ಎಲೆಕ್ಟ್ರಿಷಿಯನ್ ಸಿಕ್ಕರೆ ಕಾಫಿ ಕೊಟ್ಟು ಕಳಿಸಿ.

ಲೋಡ್ ಸರಿಯಾಗಿಯೇ ಇದ್ದು, ಎಂಸಿಬಿ ಮುಟ್ಟಿದರೆ ಸುಡುವಷ್ಟು ಬಿಸಿ ಇದ್ದು ಬೀಳುತ್ತಿದ್ದರೆ ಅದರ ಸ್ಕ್ರೂ ಸಡಿಲ. ಬೋರ್ಡಿನ ಮುಚ್ಚಳ ತೆಗೆಯದೆ, ಎಂಸಿಬಿಯ ಮುಂಭಾಗವನ್ನು ಒಣ ಕೈಯ ಬೆನ್ನಿನಿಂದ ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ. ಕೈ ಇಡಲು ಆಗದಿದ್ದರೆ ಆಫ್ ಮಾಡಿ ಕರೆಸಿ.

ಬೀಳುವುದು ಆರ್‌ಸಿಸಿಬಿ ಆದರೆ ಕಥೆ ಬೇರೆ, ಕರೆಂಟ್ ಎಲ್ಲೋ ಸೋರುತ್ತಿದೆ. ಟೆಸ್ಟ್ ಅಂತ ಬರೆದ ಗುಂಡಿ ಇರುವುದೇ ಅದು. ಮನೆಗೆ 30 ಮಿಲಿ ಆಂಪಿಯರಿನದು ಹಾಕುತ್ತಾರೆ. ಶವರಿನ ಡಬಲ್ ಪೋಲ್ ಸ್ವಿಚ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವುದು) ಆಫ್ ಮಾಡಿ ಆರ್‌ಸಿಸಿಬಿ ಎತ್ತಿ. ನಿಂತರೆ ಸೋರಿಕೆ ಶವರಿನಲ್ಲಿ. ಆಗಲೂ ಬಿದ್ದರೆ ವೈರಿಂಗಿನಲ್ಲಿ ಅಥವಾ ಬೇರೆ ಉಪಕರಣದಲ್ಲಿ, ಜುಲೈ ಮಳೆಗೆ ನೆನೆದ ಗೋಡೆಯ ಜಂಕ್ಷನ್ ಬಾಕ್ಸ್ ಮೊದಲ ಅನುಮಾನ. ಒಂದು ಕೊಕ್ಕೆ ಇದೆ: ಸ್ವಿಚ್ ಸಾಮಾನ್ಯದ್ದಾಗಿದ್ದರೆ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಆಗ ಆಫ್ ಮಾಡಿದರೂ ಶವರಿನ ಸೋರಿಕೆಗೇ ಆರ್‌ಸಿಸಿಬಿ ಬೀಳಬಹುದು. ಕೆಲವು ಅಗ್ಗದ ಶವರ್ ಹೆಡ್‌ಗಳಲ್ಲಿ ಕಾಯಿಲ್ ಬತ್ತಲೆಯಾಗಿ ನೀರಿನಲ್ಲೇ ಇರುತ್ತದೆ. ಅಂಥವು ಹೊಸದಿದ್ದಾಗಲೂ ಆರ್‌ಸಿಸಿಬಿ ಬೀಳಿಸುವುದುಂಟು. ಅದಕ್ಕೆ ಮದ್ದು ಶವರ್ ಬದಲಿಸುವುದು. ಆರ್‌ಸಿಸಿಬಿ ತೆಗೆದು ನೇರ ಕನೆಕ್ಷನ್ ಕೊಡುವ ಮಾತೇ ಬೇಡ.

ಪ್ಲಗ್ ಬಿಸಿ, ಸ್ವಿಚ್ ಹತ್ತಿರ ಮೀನು ಸುಟ್ಟ ವಾಸನೆ

ಮೂಡಿಗೆರೆ ಹತ್ತಿರ ತೋಟದೊಳಗಿನ ಒಂದು ಹೋಂಸ್ಟೇ. ಮಾಲೀಕರು ಎರಡು ಸಲ ಶವರ್ ಬದಲಿಸಿದ್ದರು. ಎರಡೂ ಕಂಪನಿಯವರ ಮೇಲೆ ಸಿಟ್ಟು. ಬಚ್ಚಲಿಗೆ ಹೋದರೆ 16 ಆಂಪಿಯರ್ ಪ್ಲಗ್ ಟಾಪ್, ಮೂರು ಪಿನ್ನಿಂದು. ಮೇನ್ ಇಳಿಸಿ ಟಾಪ್ ಕಿತ್ತೆ. ಬರಲೇ ಇಲ್ಲ, ಅಲ್ಲಾಡಿಸಿ ಎಳೆಯಬೇಕಾಯಿತು. ನ್ಯೂಟ್ರಲ್ ಪಿನ್ ನೀಲಿಗಟ್ಟಿತ್ತು, ಸಾಕೆಟಿನ ಆ ತೂತಿನ ಸುತ್ತ ಕಂದು ಉಂಗುರ, ಒಳಗಿನ ಹಿತ್ತಾಳೆ ಕ್ಲಿಪ್ ಬಿಗಿ ಕಳೆದುಕೊಂಡು ಬಾಯಿ ಬಿಟ್ಟಿತ್ತು. ಇನ್ನೊಂದು ಕೊನೆ ನೋಡೋಣ ಅಂತ ಅಟ್ಟ ಹತ್ತಿದೆ. ಅಡಿಕೆ ಮೂಟೆಗಳ ಹಿಂದೆ ಒಂದು ಜಾಯಿಂಟ್. ಹಳೇ ವೈರಿಗೆ ಹೊಸ ವೈರ್ ಬರೀ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಟೇಪಿನ ಅಂಟು ಕರಗಿ ತೊಲೆಯ ಮೇಲೆ ಇಳಿದಿತ್ತು, ಕಪ್ಪು ಬೆಲ್ಲದ ಪಾಕದ ಹಾಗೆ. ಕೆಳಗಿನ ಮರ ಅಂಗೈ ಅಗಲ ಕರಿ ಹಿಡಿದಿತ್ತು. ಶವರ್ ಸರಿಯಾಗಿಯೇ ಇತ್ತು. ಮೊದಲಿನದೂ ಸರಿಯಾಗಿತ್ತೇನೋ.

ಇದರ ಲೆಕ್ಕ ನೋಡಿ. ಸಡಿಲ ಜಾಯಿಂಟಿನ ತಡೆ ಬರೀ 0.1 ಓಮ್ ಅಂತಿಟ್ಟುಕೊಳ್ಳಿ. 20 ಆಂಪಿಯರಿಗೆ ಅಲ್ಲಿ ಕಳೆಯುವುದು 2 ವೋಲ್ಟ್. ಮೀಟರಿನಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಆ ಒಂದು ಬಿಂದುವಿನಲ್ಲಿ ಹುಟ್ಟುವ ಶಾಖ 40 ವ್ಯಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು! ಅದಕ್ಕಿಂತ ಬಿಸಿಯಾದದ್ದನ್ನು ಟೇಪಿನಲ್ಲಿ ಸುತ್ತಿ ಒಣ ಮರದ ಮೇಲೆ ಇಟ್ಟ ಹಾಗಾಯಿತು. ಎಂಸಿಬಿಗೆ ಇದು ಕಾಣುವುದೂ ಇಲ್ಲ, ಯಾಕಂದರೆ ಕರೆಂಟ್ ಜಾಸ್ತಿಯೇನೂ ಹರಿಯುತ್ತಿಲ್ಲ.

ನೀವು ಮಾಡಬಹುದಾದ ಪರೀಕ್ಷೆ ಇಷ್ಟೇ. ಶವರ್ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಕೈ ಒರೆಸಿಕೊಂಡು, ಸ್ವಿಚ್ ಪ್ಲೇಟ್ ಮತ್ತು ಪ್ಲಗ್ ಮುಟ್ಟಿ. ಅಟ್ಟದಲ್ಲಿ ಪೈಪ್ ಕಾಣುವ ಕಡೆ ಅದರ ಉದ್ದಕ್ಕೂ ಕೈಯಾಡಿಸಿ, ಬಿಚ್ಚಿದ ವೈರ್ ಅಥವಾ ಟೇಪ್ ಜಾಯಿಂಟ್ ಇರುವ ಕಡೆ ಮಾತ್ರ ಕೈ ಬೇಡ. ಉದ್ದಕ್ಕೂ ಒಂದೇ ಸಮ ಬಿಸಿಯಿದ್ದರೆ ವೈರ್ ಸಣ್ಣದು. ಒಂದೇ ಜಾಗ ಬಿಸಿಯಿದ್ದರೆ ಜಾಯಿಂಟ್ ಸಡಿಲ. ಮೊದಲನೆಯದಕ್ಕೆ ಹೊಸ ವೈರ್ ಬೇಕು. ಎರಡನೆಯದನ್ನು ಎಲೆಕ್ಟ್ರಿಷಿಯನ್ ಒಂದು ಗಂಟೆಯಲ್ಲಿ ಮುಗಿಸುತ್ತಾನೆ. ಎರಡರಲ್ಲೂ ಅಲ್ಲಿಯ ತನಕ ಶವರ್ ಬಂದ್.

16 ಆಂಪಿಯರ್ ಟಾಪ್ 3 ಕಿಲೋವ್ಯಾಟ್ ತನಕ ಸಾಕು. ಅದಕ್ಕಿಂತ ದೊಡ್ಡ ಶವರಿಗೆ ಪ್ಲಗ್ಗೇ ಬೇಡ. ಬಚ್ಚಲಿನ ಹೊರಗೋಡೆಯಲ್ಲಿ 32 ಆಂಪಿಯರ್ ಡಬಲ್ ಪೋಲ್ ಸ್ವಿಚ್, ಅಲ್ಲಿಂದ ನೇರ ಶವರಿಗೆ.

ಗೋಡೆಯಲ್ಲಿ ಇರುವ ವೈರ್ ಎಷ್ಟರದು?

ಹೊರಗಿನ ದಪ್ಪ ನೋಡಿ ಹೇಳಬೇಡಿ. ಪ್ಲಾಸ್ಟಿಕ್ ದಪ್ಪ ಇದ್ದು ತಾಮ್ರ ಸಣ್ಣಗಿರುವ ವೈರ್ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಒಳ್ಳೇ ವೈರಿನ ಮೈಮೇಲೆ ಗಾತ್ರ, ಐಎಸ್‌ಐ ಗುರುತು, ಐಎಸ್ 694 ಅಂತ ಅಚ್ಚು ಇರುತ್ತದೆ. ಅಚ್ಚು ಅಳಿಸಿದ್ದರೆ ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿದಾಗ ಎಳೆ ಎಣಿಸಿ ನೋಡಲಿ. ಈಗಿನ ಸಣ್ಣ ಎಳೆಯ ವೈರ್ ಸಾಮಾನ್ಯವಾಗಿ 2.5ಕ್ಕೆ 36 ಎಳೆ, 4ಕ್ಕೆ 56, 6ಕ್ಕೆ 84, ಒಂದೊಂದೂ 0.3 ಎಂಎಂ. ಹಳೇ ಮೇಸ್ತ್ರಿಗಳು ಇನ್ನೂ "ತ್ರೀ ಟ್ವೆಂಟಿ", "ಸೆವೆನ್ ಟ್ವೆಂಟಿ" ಅನ್ನುತ್ತಾರೆ. 20 ಗೇಜಿನ 3 ಎಳೆ ಅಂದರೆ 2 ಸ್ಕ್ವೇರ್ ಎಂಎಂ ಕೂಡ ತುಂಬುವುದಿಲ್ಲ. 7 ಎಳೆಯದು ನಾಲ್ಕೂವರೆ ಹತ್ತಿರ ಬರುತ್ತದೆ. ವೈರ್ ಬೆಳ್ಳಿ ಬಣ್ಣ ಇದ್ದು ಮೆತ್ತಗೆ ಬಾಗಿದರೆ ಅಲ್ಯೂಮಿನಿಯಂ ಇರಬಹುದು, ಅದು ತಾಮ್ರದ ಒಂದೂವರೆ ಪಟ್ಟು ಗಾತ್ರ ಬೇಡುತ್ತದೆ. ತಾಮ್ರದ ಜೊತೆ ತಿರುಚಿದರೆ ಮಲೆನಾಡಿನ ತೇವಕ್ಕೆ ಬೇಗ ತಿನ್ನಿಸಿಕೊಳ್ಳುತ್ತದೆ. ಮರದ ಪಟ್ಟಿ ಮೇಲೆ ಓಡಿಸಿದ ರಬ್ಬರ್ ವೈರ್ ಇದ್ದರಂತೂ ಗಾತ್ರ ಕೇಳುವುದೇ ಬೇಡ, ಬಗ್ಗಿಸಿದರೆ ಹಪ್ಪಳದ ಹಾಗೆ ಒಡೆಯುತ್ತದೆ.

ಹಾಗಾದರೆ ಯಾವುದು ಹಾಕಬೇಕು?

ಗೋಡೆಯೊಳಗಿನ ಪೈಪಿನಲ್ಲಿ ತಾಮ್ರದ ಪಿವಿಸಿ ವೈರ್ ತಡೆಯುವುದು ಕಂಪನಿಗಳ ಪಟ್ಟಿಯ ಪ್ರಕಾರ ಸುಮಾರು ಹೀಗೆ: 2.5 ಸ್ಕ್ವೇರ್ ಎಂಎಂ 18ರಿಂದ 20 ಆಂಪಿಯರ್, 4 ಆದರೆ 24ರಿಂದ 26, 6 ಆದರೆ 31ರಿಂದ 34. ಸರಿಯಾದ ಸಾಲು ಅಂದರೆ ಶವರಿನ ಆಂಪಿಯರ್ ಎಲ್ಲಕ್ಕಿಂತ ಕಮ್ಮಿ, ಎಂಸಿಬಿ ಅದಕ್ಕಿಂತ ಮೇಲೆ, ವೈರಿನ ತಾಕತ್ತು ಎಂಸಿಬಿಗೂ ಮೇಲೆ.

3 ಕಿಲೋವ್ಯಾಟಿಗೆ 16ರ ಎಂಸಿಬಿ, 2.5 ವೈರ್ ಸಾಕು. ದೂರ ಜಾಸ್ತಿ ಇದ್ದರೆ 4 ಹಾಕಿ.

4.5 ಕಿಲೋವ್ಯಾಟಿಗೆ 20ರ ಎಂಸಿಬಿ ತೀರಾ ಅಂಚಿಗೆ ಬರುತ್ತದೆ. ರಾತ್ರಿ ವೋಲ್ಟೇಜ್ 240 ಆದರೆ ಶವರೇ 20 ದಾಟುತ್ತದೆ. ಅದಕ್ಕೆ 25 ಹಾಕುತ್ತೇವೆ. ಹೊಸ ಪೈಪಿನಲ್ಲಿ ಒಂಟಿಯಾಗಿ, ಹತ್ತು ಹದಿನೈದು ಮೀಟರ್ ಓಡುವುದಾದರೆ 4 ಸ್ಕ್ವೇರ್ ಎಂಎಂ ನಡೆಯುತ್ತದೆ, ಆದರೆ ಅದೂ ಅಂಚಿನದೇ. ಜಗಲಿಯಿಂದ ಬಚ್ಚಲ ತನಕದ ಉದ್ದ, ಹೆಂಚಿನ ಕೆಳಗಿನ ಅಟ್ಟ, ಅದೇ ಪೈಪಿನಲ್ಲಿ ಮಿಕ್ಸಿ, ಫ್ರಿಜ್ಜಿನ ವೈರೂ ಇದ್ದರೆ ನಾನು 6 ಎಳೆಯುತ್ತೇನೆ, ಚರ್ಚೆ ಇಲ್ಲ. ಒಂದೇ ಪೈಪಿನಲ್ಲಿ ಎರಡು ಸರ್ಕ್ಯೂಟ್ ಇದ್ದರೆ ವೈರಿನ ತಾಕತ್ತು ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ಇನ್ನೂ ಇಳಿಯುತ್ತದೆ. 6 ಕಿಲೋವ್ಯಾಟಿನ ಶವರಿಗೆ 32ರ ಎಂಸಿಬಿ, 6 ಸ್ಕ್ವೇರ್ ಎಂಎಂ ಕನಿಷ್ಠ. ಈ ಕಾರಣಗಳಿದ್ದರೆ 10ಕ್ಕೆ ಹೋಗಿ.

"ಐದೇ ಮೀಟರ್ ಅಲ್ವಾ, 1.5 ಸಾಕು" ಅನ್ನುವವರಿಗೆ: ದೂರ ಕಮ್ಮಿಯಾದರೆ ಕಳೆಯುವ ವೋಲ್ಟ್ ಕಮ್ಮಿ, ನಿಜ. ಶಾಖ ಹಾಗಲ್ಲ. 20 ಆಂಪಿಯರ್ ಹರಿಯುವಾಗ 1.5ರ ಜೋಡಿ ವೈರ್ ಪ್ರತಿ ಮೀಟರಿಗೆ 9 ವ್ಯಾಟಿಗಿಂತ ಜಾಸ್ತಿ ಶಾಖ ಬಿಡುತ್ತದೆ. 2.5 ಆದರೆ ಸುಮಾರು 6, 4 ಆದರೆ ಮೂರೂವರೆ, 6 ಆದರೆ ಎರಡೂವರೆಗೂ ಕಮ್ಮಿ. ಐದು ಮೀಟರ್ ಇರಲಿ ಐವತ್ತು ಇರಲಿ, ಪ್ರತಿ ಮೀಟರ್ ಅಷ್ಟೇ ಸುಡುತ್ತದೆ.

ಅರ್ತ್ ವೈರ್ ಕೂಡ ಫೇಸಿನಷ್ಟೇ ಗಾತ್ರದ್ದು. ಉಳಿದ ತುಂಡು ಹಸಿರು ವೈರ್ ಹಾಕಿ ಮುಗಿಸಲು ಬಿಡಬೇಡಿ. ಹಸಿರು ವೈರ್ ಶವರಿನ ತನಕ ಬಂದಿದೆ ಅಂತ ಖುಷಿಪಟ್ಟು, ಬೋರ್ಡಿನಲ್ಲಿ ನೋಡಿದರೆ ಅದು ಯಾವುದಕ್ಕೂ ಸೇರದೆ ಸುರುಳಿ ಸುತ್ತಿಕೊಂಡು ಕೂತಿದ್ದನ್ನು ಕಂಡಿದ್ದೇನೆ. ಕಡೂರು, ತರೀಕೆರೆ ಕಡೆಯ ಒಣ ನೆಲದಲ್ಲಿ ಬೇಸಿಗೆಗೆ ಅರ್ತ್ ಗುಂಡಿಗೆ ಆಗಾಗ ಒಂದೊಂದು ಕೊಡ ನೀರು ಹಾಕಿ.

ವೈರ್ ಎಳೆದಾದ ಮೇಲೆ

ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ಒಂದು ವಿಷಯ ಗಮನಿಸಿ. 6 ಸ್ಕ್ವೇರ್ ಎಂಎಂ ವೈರ್ ಶವರಿನ ಸಣ್ಣ ಟರ್ಮಿನಲ್ ತೂತಿಗೆ ಹೋಗದಿದ್ದರೆ ಕೆಲವರು ಕಟಿಂಗ್ ಪ್ಲೇಯರಿನಲ್ಲಿ ಇಪ್ಪತ್ತು ಮೂವತ್ತು ಎಳೆ ಕತ್ತರಿಸಿ ತೂರಿಸುತ್ತಾರೆ. 6ರ ದುಡ್ಡು ಕೊಟ್ಟು ಕೊನೇ ಇಂಚಿನಲ್ಲಿ 4ರ ವೈರ್ ಮಾಡಿಕೊಂಡ ಹಾಗೆ. ತಕ್ಕ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಣುಕು) ಒತ್ತಿಸಿ, ಅಥವಾ ಡಬಲ್ ಪೋಲ್ ಸ್ವಿಚ್ ತನಕ 6 ತಂದು ಅಲ್ಲಿಂದ ಶವರಿಗೆ ಕಂಪನಿ ಹೇಳಿದ ಗಾತ್ರದ ಗಿಡ್ಡ ವೈರ್ ಕೊಡಿಸಿ.

ಅವರು ಹೊರಡುವ ಮುಂಚೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿಸಿ, ಬೀಳಲೇಬೇಕು. ಶವರ್ ಹದಿನೈದು ನಿಮಿಷ ಓಡಿಸಿ, ಆಫ್ ಮಾಡಿ ಸ್ವಿಚ್ ಪ್ಲೇಟ್ ಮುಟ್ಟಿ ನೋಡಿ. ಎರಡು ವಾರ ಬಿಟ್ಟು ಒಮ್ಮೆ ಬಂದು ಎಲ್ಲ ಸ್ಕ್ರೂ ಮತ್ತೆ ಬಿಗಿ ಮಾಡಿ ಹೋಗಲು ಈಗಲೇ ಹೇಳಿಡಿ. ಸಣ್ಣ ಎಳೆಯ ತಾಮ್ರ ಕಾದು ತಣಿದು ಸ್ವಲ್ಪ ಕೂತುಕೊಳ್ಳುತ್ತದೆ, ಮೊದಲ ದಿನ ಬಿಗಿಯಿದ್ದ ಸ್ಕ್ರೂ ಆಗ ಕಾಲು ಸುತ್ತು ತಿರುಗುತ್ತದೆ.